ಯಾರ ಹಂಗೂ ಇಲ್ಲದ ಸಿಗ್ರಿಡ್

ಸರೋವರದ ದಂಡೆಯ ರಸೀನ್ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದ ಮಾರ್ಲಿಸ್ ಕನೂಡ್ಸನ್‌ಗೆ ಇನ್ನೊಂದು ಉದ್ಯೋಗವೂ ಇತ್ತು. ಅದಕ್ಕೆ ಸಂಬಳವಿರಲಿಲ್ಲ, ಮರ್ಯಾದೆ ಮಾತ್ರ ಬೇಕಾದಷ್ಟಿತ್ತು. ಶನಿವಾರ ಮಧ್ಯಾಹ್ನ ಅವಳ ಊಟದ ಮೇಜಿನ ಸುತ್ತ ಕಥೆಯಾಟ ನಡೆಯುತ್ತಿತ್ತು. ಕೂತವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗುವುದು, ಒಬ್ಬ ಕುಳ್ಳ ಕಮ್ಮಾರ, ಇನ್ನೊಬ್ಬ ಮಂತ್ರವಾದಿ. ಅವರೆದುರು ಏನು ಬಂತು, ಯಾರು ಬಂದರು ಎಂದು ಹೇಳಿ ಮಾರ್ಲಿಸ್ ಕಥೆ ನಡೆಸುವುದು. ಏಟು ತಾಗಿತೋ ತಪ್ಪಿತೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುವುದು, ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಇಪ್ಪತ್ತೆಂಟು ವರ್ಷದಲ್ಲಿ ಇದು ತಪ್ಪಿದ್ದಿಲ್ಲ. ಸರೋವರದ ಕಡೆಯಿಂದ ಹಿಮ ಬಿದ್ದು ಬಾಗಿಲೇ ಮುಚ್ಚಿಹೋದ ಶನಿವಾರವೂ ಕ್ಷೌರದಂಗಡಿಯ ಗಾರ್ಡಿ ಸಲಿಕೆ ಹಿಡಿದುಕೊಂಡು ದಾರಿ ಮಾಡಿಕೊಂಡೇ ಬಂದಿದ್ದ.

ಪಾತ್ರದ ಹಿಂದಿನ ಕಥೆ ಹೇಗಿರಬೇಕು ಎಂಬುದರಲ್ಲಿ ಮಾರ್ಲಿಸ್ ಮಾತೇ ಕೊನೆ. ಹೊಸಬರು ಹನ್ನೆರಡು ಹಾಳೆ ತುಂಬಿಸಿಕೊಂಡು ಬರುತ್ತಾರೆ, ಆಟ ಶುರುವಾಗುವ ಮೊದಲೇ ಪಾತ್ರದ ಅಪ್ಪ ಅಮ್ಮನನ್ನು ಕೊಂದಿರುತ್ತಾರೆ. ಯಾಕೋ ದೇವರಿಗೇ ಗೊತ್ತು. ಊರು ಸುಟ್ಟುಹೋಗಿರುತ್ತದೆ, ಅಣ್ಣನನ್ನು ಡ್ರ್ಯಾಗನ್ ತಿಂದಿರುತ್ತದೆ, ಉಳಿದವನು ಯಾರನ್ನೂ ನಂಬದೆ ಹೆಂಡದಂಗಡಿಯ ಮೂಲೆಯಲ್ಲಿ ಮುಖ ಸಿಂಡರಿಸಿಕೊಂಡು ಕೂತಿರುತ್ತಾನೆ. ಟ್ರ್ಯಾಕ್ಟರ್ ಕಾರ್ಖಾನೆಯ ಫಿಟ್ಟರ್ ಡ್ವೇನ್ ಇಪ್ಪತ್ತು ವರ್ಷದ ಹಿಂದೆ ತಂದದ್ದು ಇಂಥದ್ದೇ ಹೆಣದ ರಾಶಿ.

"ಎಲ್ಲರನ್ನೂ ಸಾಯಿಸ್ಕೊಂಡು ಬಂದಿದ್ದೀಯಲ್ಲೋ, ನಾನು ಯಾರನ್ನಿಟ್ಕೊಂಡು ಕಥೆ ಕಟ್ಲಿ? ಬದುಕಿರೋ ಒಬ್ಬ ಸೋದರತ್ತೆನಾದ್ರೂ ಕೊಡು. ಬಾಯಿ ಸ್ವಲ್ಪ ಜೋರಿರ್ಲಿ," ಎಂದಿದ್ದಳು ಮಾರ್ಲಿಸ್. ಅಡುಗೆಯ ಅಳತೆ ಬರೆದಿಟ್ಟುಕೊಳ್ಳುವ ಸಣ್ಣ ಕಾರ್ಡೊಂದನ್ನು ಅವನ ಮುಂದೆ ತಳ್ಳಿದ್ದಳು. "ಇದರಲ್ಲಿ ಹಿಡಿಯೋಷ್ಟೇ ಬರಿ. ಮಿಕ್ಕಿದ್ದು ಇಲ್ಲಿ, ನಮ್ಮೆಲ್ಲರ ಎದುರಿಗೆ ಆಗ್ಲಿ. ಕೊನೇ ಸಾಲಲ್ಲಿ ಒಂದು ಹೇಳು, ಇಲ್ಲಿ ಕೂತಿರೋರಲ್ಲಿ ಯಾರಿಲ್ದಿದ್ರೆ ನಿನ್ನವನ ಕೆಲಸ ಕೆಡುತ್ತೆ? ಯಾರೂ ಬೇಡದವನು ಅವನ ಮನೇಲೇ ಇರ್ಲಿ, ಅವನಿಗೆ ನಾನು ಬೇಯ್ಸಿದ ಸಿಹಿ ಕ್ರಿಂಗಲ್ ಯಾಕೆ ದಂಡ?"

ಡ್ವೇನ್ ಗೊಣಗುತ್ತಲೇ ಅತ್ತೆಯೊಬ್ಬಳನ್ನು ಬರೆದುಕೊಟ್ಟ. ಆ ಅತ್ತೆ ಮುಂದೆ ಒಂದು ಸಂಸ್ಥಾನವನ್ನೇ ಆಳಿದಳು.

ಈ ವರ್ಷದ ಜನವರಿಯಲ್ಲಿ ಕಣ್ಣಿನ ಡಾಕ್ಟರು ಮಾರ್ಲಿಸ್‌ಗೆ ಒಂದು ಮಾತು ಹೇಳಿದರು. ಪೂರ್ತಿ ಕುರುಡಾಗುವುದಿಲ್ಲ, ಆದರೆ ನೋಟದ ನಟ್ಟನಡುವೆ ಮಂಜು ಕಟ್ಟುತ್ತಾ ಹೋಗುತ್ತದೆ. ಅಕ್ಷರ, ಅಂಕಿ, ಎದುರಿನವರ ಮುಖ, ಇವು ಮೊದಲು ಹೋಗುತ್ತವೆ. ಅವಳು ಯಾರಿಗೂ ಹೇಳಲಿಲ್ಲ. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷ ತಾನೇ ಹಿಮ ಎತ್ತಿ, ತಾನೇ ಏಣಿ ಹತ್ತಿ ಸೂರು ರಿಪೇರಿ ಮಾಡಿಕೊಂಡ ಹೆಂಗಸು. ಕುರುಡಿಗಿಂತ ಅವಳು ಹೆದರಿದ್ದು ಕನಿಕರಕ್ಕೆ. ಗೊತ್ತಾದ ದಿನದಿಂದ ಇವರು ಅವಳ ದಾಳ ನೋಡಿ ಇಲ್ಲದ ಹತ್ತೊಂಬತ್ತು ಹೇಳಲು ಶುರುಮಾಡುತ್ತಾರೆ, ಮಗುವನ್ನು ಗೆಲ್ಲಿಸಿದ ಹಾಗೆ ಗೆಲ್ಲಿಸುತ್ತಾರೆ. ಆಮೇಲೆ ಆಟವೆಲ್ಲಿ ಉಳಿಯಿತು? ವಾರಕ್ಕೆ ಅವಳಿಗಿದ್ದದ್ದು ಅದೊಂದೇ ದಿನ.

ಅಕ್ಟೋಬರಿನ ಹೊತ್ತಿಗೆ ಪುಸ್ತಕದ ಸಣ್ಣ ಅಕ್ಷರ ಓದುವುದು ಅಸಾಧ್ಯವಾಯಿತು. "ದಣಿದಿದೀನಿ ಕಣ್ರೋ. ಇನ್ಮೇಲೆ ಮಾಯ್ ನಡೆಸ್ಲಿ. ನಾನೂ ಒಂದು ಪಾತ್ರ ತಗೊಂಡು ನಿಮ್ಜೊತೆ ಆಡ್ತೀನಿ," ಎಂದುಬಿಟ್ಟಳು. ಮಾಯ್ ಯಾಂಗ್ ಅಂಚೆ ಕಚೇರಿಯ ಹುಡುಗಿ, ಆಟದ ಮೇಜಿನವರಲ್ಲಿ ಒಬ್ಬಳು. ಚಿಕ್ಕವಳಿದ್ದಾಗ ಮಾರ್ಲಿಸ್ ಬಡಿಸುವ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದವಳು. ಈಗ ಮೂವತ್ತು ದಾಟಿದರೂ "ಮಿಸೆಸ್ ಕನೂಡ್ಸನ್" ಎನ್ನುವುದನ್ನು ಬಿಟ್ಟಿರಲಿಲ್ಲ.

ಮುಂದಿನ ಶನಿವಾರ ಮಾರ್ಲಿಸ್ ತನ್ನ ಕಾರ್ಡನ್ನು ಮಾಯ್ ಕೈಗೆ ಕೊಟ್ಟಳು. ದಪ್ಪ ಪೆನ್ನಿನಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಮಾಯ್ ಗಟ್ಟಿಯಾಗಿ ಓದಿದಳು. "ಸಿಗ್ರಿಡ್. ಬೇಟೆಗಾರ್ತಿ. ಕಾಡಿನಲ್ಲಿ ಒಬ್ಬಳೇ ವಾಸ. ಇಟ್ಟ ಗುರಿ ತಪ್ಪಿದ್ದಿಲ್ಲ. ಏಳು ಭಾಷೆ ಬರುತ್ತದೆ. ತನ್ನ ಗಾಯ ತಾನೇ ಹೊಲಿದುಕೊಳ್ಳುತ್ತಾಳೆ."

ಓದಿ, ಕಾರ್ಡು ತಿರುಗಿಸಿ ನೋಡಿದಳು. ಹಿಂದೆ ಏನೂ ಇರಲಿಲ್ಲ.

"ಅಪ್ಪ ಅಮ್ಮ?"

"ಹೋದ್ರು," ಎಂದಳು ಮಾರ್ಲಿಸ್.

"ಇಬ್ರೂನಾ?"

"ಇಬ್ರೂ. ಒಂದೇ ಜ್ವರದಲ್ಲಿ."

ಗಾರ್ಡಿ ಮೇಜಿಗೆ ಗುದ್ದಿದ ರಭಸಕ್ಕೆ ಕಾಫಿ ತುಳುಕಿತು. "ಅಯ್ಯಯ್ಯೋ, ಕೊಂದ್ಳು ಕಣೋ ಡ್ವೇನ್! ಇವಳೂ ಕೊಂದ್ಳು!"

"ನನ್ನ ಕೈಲಿ ಸೋದರತ್ತೆ ಹುಟ್ಟಿಸಿದೋಳು! ನಿಮ್ಮತ್ತೆ ಎಲ್ಲಿ ತಾಯಿ?" ಎಂದ ಡ್ವೇನ್.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದರೆ ಇದೇ. ಮಾರ್ಲಿಸ್‌ಗೂ ನಗು ಬರಬೇಕಿತ್ತು, ಬರಲಿಲ್ಲ. ಮಾಯ್ ಕೂಡ ನಗಲಿಲ್ಲ.

"ಮಿಸೆಸ್ ಕನೂಡ್ಸನ್, ಕೊನೇ ಸಾಲೇ ಇಲ್ಲ. ಇವಳಿಗೆ ನಮ್ಮಲ್ಲಿ ಯಾರು ಬೇಕು?"

"ಯಾರೂ ಬೇಡ."

"ಮತ್ತೆ ನಮ್ಜೊತೆ ಯಾಕೆ ಬರ್ತಾಳೆ?"

ಮಾರ್ಲಿಸ್‌ಗೆ ರೇಗಿತು. "ತಟ್ಟೆ ಹಿಡ್ಕೊಂಡು ಇನ್ನೊಂದು ಸೌಟು ಹಾಕಿ ಅಂತ ನಿಂತಿದ್ದೋಳು, ನನಗೇ ಪಾಠ ಹೇಳ್ತೀಯಾ?"

"ಹೌದು, ನಿಂತಿದ್ದೆ. ಹಸಿವಾಗಿತ್ತು, ಕೇಳಿದೆ. ನೀವು ಹಾಕಿದ್ರಿ," ಎಂದಳು ಮಾಯ್.

ಮಾರ್ಲಿಸ್ ಕಾಫಿ ಜಗ್ಗನ್ನು ಎತ್ತಿಕೊಂಡು ಒಳಗೆ ಹೋದಳು. ಸಿಂಕಿನ ಮುಂದೆ ನಿಂತಾಗ ಅಳು ಬಂತು. ಅಳು ಬಂದದ್ದಕ್ಕೆ ಮತ್ತೆ ಸಿಟ್ಟು ಬಂತು. ಕಥೆಯಲ್ಲಿ ಒಂದು ಕೊರತೆ ಇರದಿದ್ದರೆ ಇನ್ನೊಬ್ಬರು ಒಳಗೆ ಬರುವುದಕ್ಕೆ ಬಾಗಿಲೇ ಇರುವುದಿಲ್ಲವೆಂದು ನಲವತ್ತು ಜನಕ್ಕೆ ಬುದ್ಧಿ ಹೇಳಿದ್ದಳು. ತನ್ನ ಸರದಿ ಬಂದಾಗ ಗೋಡೆ ಕಟ್ಟಿಕೊಂಡು ಕೂತಿದ್ದಳು. ಬಾಗಿಲು ತೆರೆದರೆ ಕನಿಕರವೂ ಒಳಗೆ ಬಂದೀತು. ತೆರೆಯದಿದ್ದರೆ ಯಾರೂ ಬರುವುದಿಲ್ಲ. ಮುಖ ತೊಳೆದು ಹೊರಗೆ ಬಂದಳು.

"ಬರ್ಕೋ ಮಾಯ್. ಸಿಗ್ರಿಡ್‌ಗೆ ಕಣ್ಣು ಮಂಜು. ಬಿಲ್ಲು ಎಳೀತಾಳೆ, ಕೈ ನಡುಗೋಲ್ಲ. ಆದ್ರೆ ಗುರಿ ಎಲ್ಲಿದೆ, ಬಾಣ ಎಲ್ಲಿ ಬಿತ್ತು ಅಂತ ಪಕ್ಕದಲ್ಲಿರೋರು ಹೇಳ್ಬೇಕು. ಇದ್ದದ್ದನ್ನ ಇದ್ದ ಹಾಗೇ ಹೇಳ್ಬೇಕು."

ಗಾರ್ಡಿ ಮೆಲ್ಲಗೆ ಕೇಳಿದ. "ಯಾವಾಗಿಂದ?"

"ಸಿಗ್ರಿಡ್‌ಗಾ?"

"ನಿನಗೆ ಕಣೇ."

"ಜನವರಿಯಿಂದ."

"ಏಪ್ರಿಲ್‌ನಲ್ಲಿ ಹದಿನೇಳನ್ನ ಏಳು ಅಂತ ಓದಿ ನನ್ನ ಮಂತ್ರವಾದಿ ಕುದುರೇನ ಹೊಳೇಲಿ ಮುಳುಗಿಸಿದ್ಯಲ್ಲ, ಆಗ್ಲೇ ಅನ್ಕೊಂಡೆ. ಇವಳಿಗೆ ಕಣ್ಣು ಕಾಣ್ತಿಲ್ಲ, ಇಲ್ಲಾ ನನ್ನ ಮೇಲೆ ಏನೋ ಹಳೇ ಸೇಡಿದೆ ಅಂತ."

"ಮತ್ತೆ ಬಾಯಿ ಮುಚ್ಕೊಂಡು ಯಾಕಿದ್ದೆ?"

"ಕುದುರೆ ಹೇಗೂ ಹೋಯ್ತು, ನೀನಾದ್ರೂ ಉಳಿ ಅಂತ."

ಆಮೇಲೆ ಸಿಗ್ರಿಡ್‌ಗೆ ಕಣ್ಣಾಗುವವರು ಯಾರೆಂದು ಜಗಳ ಹತ್ತಿತು. ಗಾರ್ಡಿ ತನ್ನ ಮಂತ್ರವಾದಿ ಹೇಳುತ್ತಾನೆಂದ. "ನಿನ್ನ ಮಂತ್ರವಾದಿ ಮಾತು ಮುಗಿಸೋ ಹೊತ್ತಿಗೆ ಜಿಂಕೆಗೆ ಮುಪ್ಪು ಬಂದಿರುತ್ತೆ, ನನ್ನ ಕಮ್ಮಾರ ಹೇಳ್ತಾನೆ," ಎಂದು ಡ್ವೇನ್ ಕುರ್ಚಿ ಎಳೆದುಕೊಂಡು ಮಾರ್ಲಿಸ್ ಪಕ್ಕಕ್ಕೆ ಬಂದ. ಕುಳ್ಳ ಕಮ್ಮಾರ ಇಲ್ಲದಿದ್ದರೆ ಸಿಗ್ರಿಡ್‌ಗೆ ಗುರಿಯಿಲ್ಲ ಎಂದು ಮಾಯ್ ಕಾರ್ಡಿನ ಕೊನೆಯಲ್ಲಿ ಬರೆದಳು. ಆಟ ಶುರುವಾಯಿತು.

ಸೇತುವೆಯ ಮೇಲೆ ದರೋಡೆಕೋರರು ಅಡ್ಡ ನಿಂತಿದ್ದಾರೆ ಎಂದಳು ಮಾಯ್.

"ಎಡಕ್ಕೆ ಒಂದು ಕಂಬ. ಕಂಬದ ಪಕ್ಕ ಅವರ ನಾಯಕ. ನನ್ನ ತಲೆ ಮೇಲಿಂದ ಬಿಡು," ಎಂದ ಡ್ವೇನ್.

ಮಾರ್ಲಿಸ್ ದಾಳ ಎಸೆದಳು. ಅದು ಉರುಳಿ ತಟ್ಟೆಗೆ ತಾಗಿ ನಿಂತಿತು. ಅವಳು ಬಗ್ಗಿ ನೋಡಲಿಲ್ಲ.

"ಎಷ್ಟು?"

ಡ್ವೇನ್ ಕನ್ನಡಕ ಹಾಕಿಕೊಂಡು ಬಗ್ಗಿದ. ಗಾರ್ಡಿಯೂ ಕತ್ತು ಚಾಚಿ ನೋಡಿದ, ನೋಡಿ ಸುಮ್ಮನೆ ಕಾಫಿ ಲೋಟಕ್ಕೆ ಮುಖ ಹಾಕಿದ. ಮೊದಲ ಬಾಣ, ಒಳ್ಳೆಯ ಅಂಕಿಯೊಂದನ್ನು ಹೇಳಿಬಿಟ್ಟರೆ ಯಾರ ಗಂಟೂ ಹೋಗುತ್ತಿರಲಿಲ್ಲ.

"ಒಂದು," ಎಂದ ಡ್ವೇನ್.

ಇಪ್ಪತ್ತರಲ್ಲಿ ಅದಕ್ಕಿಂತ ಕೆಟ್ಟದ್ದಿಲ್ಲ.

"ಒಂದಾ?"

"ಒಂದೇ. ಇಷ್ಟು ದರಿದ್ರ ಎಸೆತ ನಾನು ಈ ವರ್ಷದಲ್ಲಿ ನೋಡಿರ್ಲಿಲ್ಲ."

"ಬಾಣ ಮಂತ್ರವಾದಿಯ ತೊಡೆಗೆ ನೆಟ್ಟಿತು," ಎಂದಳು ಮಾಯ್, ಒಂಚೂರೂ ಕರುಣೆಯಿಲ್ಲದೆ. ಗಾರ್ಡಿ ಹಾಳಾಗಿಹೋಗು ಎಂದು ಬಾಯಿಗೆ ಬಂದ ಹಾಗೆ ಬಯ್ಯತೊಡಗಿದ.

ಮಾರ್ಲಿಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಡ್ವೇನ್ ಕಡೆಗೆ ಅಂಗೈ ಚಾಚಿ, "ದಾಳ ಕೊಡೋ ಇಲ್ಲಿ, ನನ್ನತ್ರ ಇನ್ನೂ ಬಾಣ ಇವೆ," ಎಂದಳು.