ಕೈಲಾಸ ಸರ್ ಕಲಿಸಿದ ಮೂರನೇ ಮಾತು

ಸೋಲಾಪುರದ ಕಾಲೇಜು ಹುಡುಗರಿಗೆ ಸೇವೆ ಮಾಡುವುದನ್ನು ಕಲಿಸುವ ಕೆಲಸ ಕೈಲಾಸನದು. ಸೇವೆಯನ್ನೂ ಕಲಿಸಬೇಕೇ ಎಂದು ನಗುವವರಿದ್ದಾರೆ. ಅಂಥವರು ಆಸ್ಪತ್ರೆಯಲ್ಲಿ ಒಂದು ದಿನ ನಿಂತು ನೋಡಲಿ, ಆಮೇಲೆ ನಗಲಿ. ಹಳ್ಳಿಯಿಂದ ಒಂಟಿಯಾಗಿ ಬಂದ ರೋಗಿಗೆ ಚೀಟಿ ಮಾಡಿಸಬೇಕು, ಔಷಧಿ ತಂದುಕೊಡಬೇಕು, ಆಪರೇಶನ್ ಕೋಣೆಯ ಬಾಗಿಲ ತನಕ ಕೈ ಹಿಡಿದು ಹೋಗಬೇಕು. ಇದಕ್ಕಾಗಿ ವಿದ್ಯಾರ್ಥಿಗಳನ್ನು ಕಳಿಸುವ ಸಂಸ್ಥೆಯೊಂದರಲ್ಲಿ ಕೈಲಾಸ ಬಹಳ ವರ್ಷಗಳಿಂದ ಇದ್ದಾನೆ. ಪ್ರತಿವರ್ಷ ಮಳೆಗಾಲದ ಹೊತ್ತಿಗೆ ಹೊಸ ಹುಡುಗ ಹುಡುಗಿಯರು ಬರುತ್ತಾರೆ. ಅವರಿಗೆ ಅವಲಕ್ಕಿಯ ಪೋಹೆ, ಚಹಾ ಕೊಟ್ಟು ಕೂರಿಸಿಕೊಂಡು ಪಾಠ ಹೇಳುತ್ತಾನೆ.

ಪಾಠ ಹೇಳುವುದರಲ್ಲಿ ಅವನದು ಎತ್ತಿದ ಕೈ. ನಗಿಸುತ್ತಾನೆ, ಗದರಿಸುತ್ತಾನೆ, ತಾನೇ ರೋಗಿಯಾಗಿ ಬೆಂಚಿನ ಮೇಲೆ ಮಲಗಿ ನರಳಿ ತೋರಿಸುತ್ತಾನೆ. ಆದರೆ ಕೊನೆಗೆ ಉಳಿಯುವುದು ಮೂರೇ ಮಾತು. ರೋಗಿಯ ಫೋಟೋ ತೆಗೆಯಬಾರದು. ಅವರು ಬುತ್ತಿ ಬಿಚ್ಚಿದರೆ ಮೂಗು ಮುರಿಯದೆ, ಕೊಟ್ಟ ತುತ್ತು ತಿನ್ನಬೇಕು. ಮೂರನೆಯದು, ಆಸ್ಪತ್ರೆಯಲ್ಲಿ ಮರಾಠಿಯಲ್ಲೇ ಮಾತಾಡಬೇಕು.

ಮೊದಲಿನ ಎರಡು ಮಾತು ಚಿನ್ನದಂಥವು. ಮೂರನೆಯದಕ್ಕೂ ಅವನ ಹತ್ತಿರ ಕಾರಣಗಳಿಗೆ ಬರವಿರಲಿಲ್ಲ. ಡಾಕ್ಟರು ಮರಾಠಿ, ಕಾಗದ ಮರಾಠಿ, ನಡುವೆ ಇನ್ನೊಂದು ಭಾಷೆ ಹೊಕ್ಕರೆ ಗೊಂದಲ ಎನ್ನುತ್ತಿದ್ದ. ನಿಜವಾದ ಕಾರಣ ಬೇರೆಯೇ ಇತ್ತು. ಕೈಲಾಸ ಅಕ್ಕಲಕೋಟ ಕಡೆಯ ಮೈಂದರ್ಗಿಯವನು, ಮನೆಮಾತು ಕನ್ನಡ. ಅಪ್ಪ ದುರ್ಗಪ್ಪ ಕೂಲಿ ಮಾಡಿ ಮಗನನ್ನು ಸೋಲಾಪುರದ ಕಾಲೇಜಿಗೆ ಹಚ್ಚಿದ್ದ. ಅಲ್ಲಿ ಮೊದಲ ದಿನ ಮಗ ಎದ್ದುನಿಂತು ಹೆಸರು ಹೇಳಿದಾಗ, ಅವನ ಮರಾಠಿಯಲ್ಲಿದ್ದ ಕನ್ನಡದ ರಾಗ ಕೇಳಿ ಇಡೀ ವರ್ಗ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗು ಅವನ ಕಿವಿಯಿಂದ ಇಳಿಯಲೇ ಇಲ್ಲ. ಪೇಟೆಯಲ್ಲಿ ಕನ್ನಡದ ಬಾಯಿ ಹೊಲಿದುಕೊಂಡವನು, ಬರಬರುತ್ತಾ ಬೇರೆಯವರ ಬಾಯಿಯನ್ನೂ ಹೊಲಿಯತೊಡಗಿದ. ಅಕ್ಕಲಕೋಟ ಕಡೆಯ ರೋಗಿಗಳಿಗೆ ಅರ್ಧಂಬರ್ಧ ಮರಾಠಿ ಬರುತ್ತಿದ್ದುದರಿಂದ ಹೇಗೋ ನಡೆದುಹೋಗುತ್ತಿತ್ತು.

ಈ ವರ್ಷದ ಪಾಠದಲ್ಲಿ ಅವನೇ ಕೇಳಿದ್ದ, ಕನ್ನಡ ಬರುವವರು ಯಾರು ಎಂದು. ಹಿಂದಿನ ಸಾಲಿನ ಒಬ್ಬ ಹುಡುಗಿ ಅರ್ಧ ಕೈ ಎತ್ತಿದಳು. ಹೆಸರು ಶೀತಲ, ಅಕ್ಕಲಕೋಟ ತಾಲೂಕಿನ ಒಕ್ಕಲು ಮನೆತನದವಳು.

“ಹಾತ್ ಖಾಲಿ ಕರ್ ಬಾಳಾ,” ಎಂದ ಕೈಲಾಸ. ಕೈ ಕೆಳಗಿಳಿಸು ಮಗಳೇ. “ಯಾರೂ ನೋಡಿಲ್ಲ ಅಂದುಕೊಳ್ಳೋಣ.”

ಎಲ್ಲರೂ ನಕ್ಕರು. ಶೀತಲಳೂ ನಕ್ಕು ಕೈ ಇಳಿಸಿದಳು. ಹಾಸ್ಟೆಲಿನಲ್ಲಿ ಅವಳೂ ಆ ರಾಗಕ್ಕಾಗಿ ಅಣಕಿಸಿಕೊಂಡವಳೇ. ಸರ್ ಹೇಳಿದ ಮಾತು ಅವಳಿಗೂ ಅನುಕೂಲವಾಗಿಯೇ ಕಂಡಿತು.

ಅವಳ ಪಾಲಿಗೆ ಬಂದ ಮೊದಲ ರೋಗಿ ಹಣಮವ್ವ, ಮರಾಠಿ ಒಂದಕ್ಷರವೂ ಬಾರದ ಮೈಂದರ್ಗಿಯ ಮುದುಕಿ. ಮಗನಿಗೆ ಕೈಗಾರಿಕಾ ಪ್ರದೇಶ ಎಂಐಡಿಸಿಯ ಮಗ್ಗದ ಕಾರಖಾನೆಯಲ್ಲಿ ರಜೆ ಸಿಕ್ಕಿರಲಿಲ್ಲ, ಒಬ್ಬಳೇ ಬಂದಿದ್ದಳು. ಅವಳ ಎಡಗಣ್ಣು ಎಂದೋ ಹೋಗಿತ್ತು. ಉಳಿದ ಬಲಗಣ್ಣಿನಲ್ಲಿ ಮೋತಿಬಿಂದು, ಅಂದರೆ ಪೊರೆ, ಬಲಿತಿದೆ, ತಡ ಮಾಡಿದರೆ ಅದೂ ಕೈಬಿಡುತ್ತದೆ ಎಂದಿದ್ದರು ಡಾಕ್ಟರು. ಆಪರೇಶನ್ನಿನ ದಿನ ಶೀತಲ ಮುದುಕಿಯ ಕೈ ಹಿಡಿದು ಬೆಂಚಿನ ಮೇಲೆ ಕೂತಿದ್ದಳು. ಒಳಗಿನಿಂದ ಇನ್ನೊಬ್ಬ ಹೆಂಗಸು ಕಣ್ಣಿನ ಮೇಲೆ ಅರಳೆ ಕಟ್ಟಿಸಿಕೊಂಡು ಬಂದಳು. ಮಬ್ಬಿನಲ್ಲಿ ಹಣಮವ್ವನಿಗೆ ಕಂಡದ್ದು ಕಣ್ಣಿದ್ದ ಜಾಗದಲ್ಲಿ ಬಿಳಿಯ ಗಂಟು.

“ಕಣ್ಣ ಕೀಳ್ತಾರೇನ ಯವ್ವಾ?” ಎಂದು ಶೀತಲಳ ಕೈ ಬಿಗಿಹಿಡಿದು ಕೇಳಿದಳು.

ಶೀತಲಳಿಗೆ ಪ್ರತಿ ಅಕ್ಷರ ತಿಳಿಯಿತು. ಪಕ್ಕದಲ್ಲಿ ನರ್ಸ್ ಇದ್ದಳು, ಜೊತೆಯ ಹುಡುಗರಿದ್ದರು. “ಘಾಬರೂ ನಕಾ ಆಜಿ,” ಎಂದು, ಹೆದರಬೇಡಿ ಅಜ್ಜಿ ಎನ್ನುವಂತೆ, ಹೆಗಲು ತಟ್ಟಿದಳು. ಮುದುಕಿ ಮತ್ತೆ ಮತ್ತೆ ಅದನ್ನೇ ಕೇಳಿದಳು, ಹುಡುಗಿ ಮತ್ತೆ ಮತ್ತೆ ಮರಾಠಿಯಲ್ಲೇ ತಟ್ಟಿದಳು. ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಬೆಂಚು ಬರಿದಾಗಿತ್ತು. ಹಣಮವ್ವ ಗೋಡೆ ಹಿಡಿದು ಹೊರಬಿದ್ದು, ಅವರಿವರನ್ನು ಕೇಳಿ ಊರಿನ ದಾರಿ ಹಿಡಿದಿದ್ದಳು.

ಸಂಜೆ ಕೈಲಾಸ ರೇಗಿದ. “ಏನು ಮಾಡಿದಿ ನೀನು? ಯಾಕೆ ಓಡಿಹೋದಳು?” ಎಂದು ಮರಾಠಿಯಲ್ಲಿ ಕೂಗಾಡಿದ. ಶೀತಲ ಕನ್ನಡದಲ್ಲಿ ಹೇಳಿದಳು.

“ಕಣ್ಣ ಕೀಳ್ತಾರೇನು ಅಂತ ಕೇಳಿದ್ಳ್ರಿ ಸರ್. ನನಗ ತಿಳದಿತ್ತು. ಕೀಳಂಗಿಲ್ಲ ಅಂತ ಒಂದ್ ಮಾತ ಹೇಳಿದ್ರ ಮುಗೀತಿತ್ರಿ. ನೀವ ಬ್ಯಾಡ ಅಂದಿದ್ರಲ್ರಿ.”

ಕೈಲಾಸನ ಕೂಗಾಟ ನಿಂತಿತು. ಬೈದದ್ದು ಯಾರನ್ನು, ಬೈಯಬೇಕಾದದ್ದು ಯಾರನ್ನು! ರಾತ್ರಿ ಕಣ್ಣು ಮುಚ್ಚಿದರೆ ಪಾಠದ ದಿನ ಶೀತಲ ಅರ್ಧ ಎತ್ತಿ ಇಳಿಸಿದ ಆ ಕೈ ಕಾಣುತ್ತಿತ್ತು.

ಬೆಳಗಾಗುತ್ತಲೇ ಅಕ್ಕಲಕೋಟಕ್ಕೆ ಹೋಗಿ, ಅಲ್ಲಿಂದ ಮೈಂದರ್ಗಿಯ ಬಸ್ ಹತ್ತಿದ. ಹಣಮವ್ವ ಹೊಸ್ತಿಲಲ್ಲಿ ಕೂತು ಮೊರದ ಜೋಳದಲ್ಲಿ ಕಲ್ಲು ತಡವುತ್ತಿದ್ದಳು. ಕೈಲಾಸ ನೆಲದ ಮೇಲೆ ಕೂತು, ತುಕ್ಕು ಹಿಡಿದ ತನ್ನ ಕನ್ನಡದಲ್ಲಿ ತಿಳಿಸಿ ಹೇಳಿದ. “ಕಣ್ಣ ಕೀಳಂಗಿಲ್ಲ ಅವ್ವಾ. ಮ್ಯಾಲಿನ ಪೊರಿ ಅಷ್ಟ ತಗೀತಾರ. ಅರಳಿ ಮರುದಿನ ಬಿಚ್ಚತಾರ.”

“ಹಿಂಗ ಅಂತ ಅಲ್ಲೇ ಯಾರರೆ ಹೇಳಿದ್ರ ನಾ ಯಾಕ ಓಡಿ ಬರ್ತಿದ್ನೋ ತಮ್ಮಾ?” ಎಂದಳು ಮುದುಕಿ. “ಒಂದು ಹುಡುಗಿ ಇತ್ತು, ಭಾಳ ಚೊಲೋ ಹುಡುಗಿ. ಕೈ ಬಿಡಲೇ ಇಲ್ಲ. ಪಾಪ, ಅದಕ್ಕ ಕನ್ನಡ ಬರಂಗಿಲ್ಲ.”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕೈಲಾಸ ಮೊರದ ಜೋಳ ನೋಡುತ್ತ ಕೂತ. ಬರುತ್ತದೆ ಅವ್ವಾ, ನಾನೇ ಬೇಡವೆಂದಿದ್ದೆ ಎನ್ನಬೇಕಿತ್ತು. ಹಾಗೆಂದರೆ ಎಲ್ಲಿ ಮತ್ತೆ ಆಸ್ಪತ್ರೆಗೆ ಬರಲಾರೆ ಎನ್ನುತ್ತಾಳೋ ಎಂಬ ನೆಪ ಸಿಕ್ಕಿತು.

ಮುಂದಿನ ವಾರ ಹಣಮವ್ವನನ್ನು ಅವನೇ ಕರೆತಂದ. ಆಪರೇಶನ್ ಕೋಣೆಯ ಬಾಗಿಲಲ್ಲಿ ಶೀತಲ ಕಾದಿದ್ದಳು. ಈ ಸಲ ಸುತ್ತಲಿದ್ದವರನ್ನು ನೋಡದೆ, ಮನೆಯಲ್ಲಿ ಮಾತಾಡುವಂತೆ ಮಾತಾಡಿದಳು. “ಬಾ ಆಯಿ, ಹೆದರಬ್ಯಾಡ. ಒಳಗ ನೋಯಂಗಿಲ್ಲ. ನಾ ಇಲ್ಲೇ ನಿಂತಿರ್ತೀನಿ.”

ಹಣಮವ್ವ ಅವಳ ಬೆರಳು ತಡವಿ ಗುರುತು ಹಿಡಿದಳು. “ಅವತ್ತಿನ ಹುಡುಗಿ ನೀನ ಅಲ್ಲೇನು? ಇಷ್ಟು ಚೊಲೋ ಮಾತಾಡ್ತೀ! ಮತ್ತ ಅವತ್ತ ಯಾಕ ಬಾಯಿ ಬಿಡಲಿಲ್ಲ?”

ಶೀತಲ ಕೈಲಾಸನ ಕಡೆ ನೋಡಿದಳು. ಹೇಳುವುದಿದ್ದರೆ ಈಗಲೇ ಹೇಳಬೇಕು. ಅವನು ಬಾಯಿ ತೆರೆದ. ಪಕ್ಕದಲ್ಲಿ ನರ್ಸ್ ಇದ್ದಳು, ಜೊತೆಯ ಹುಡುಗರಿದ್ದರು.

“ಅವತ್ತ ನನಗ ಬರ್ತಿದ್ದಿಲ್ಲ ಆಯಿ,” ಎಂದಳು ಶೀತಲ. “ಆಮ್ಯಾಲ ಕಲ್ತೆ. ಸರ್ ಕಲಿಸಿದ್ರು.”

“ಹೌದೇನು?” ಮುದುಕಿ ಅವನಿದ್ದ ಕಡೆ ಅಂದಾಜಿನ ಮೇಲೆ ಮುಖ ತಿರುಗಿಸಿದಳು. “ಪುಣ್ಯೇದ ಕೆಲಸ ಮಾಡಿದಿ ನೋಡೋ ತಮ್ಮಾ.”

ಬಾಗಿಲು ಮುಚ್ಚಿತು. ಒಳಗೆ ಹೋಗುವಾಗ ಹಣಮವ್ವ ಬಿಚ್ಚಿಟ್ಟ ಚಪ್ಪಲಿಗಳನ್ನು ಕೈಲಾಸ ಎತ್ತಿಕೊಂಡ. ಶೀತಲ ಬೆಂಚಿನ ಮೇಲೆ ಸರಿದು ಅವನಿಗೂ ಜಾಗ ಮಾಡಿದಳು, ಅವನು ಕೂರಲಿಲ್ಲ.