ಅರ್ಧ, ಕಾಲು, ಅರೆಕಾಲು, ವೀಸ

ಇವತ್ತು ಐರೋಲಿಯ ಸ್ಕ್ಯಾನ್ ಸೆಂಟರಿನಲ್ಲಿ ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಕೂತಿದ್ದೆ. ಸ್ಪಿರಿಟ್ಟಿನ ವಾಸನೆಗೆ ಸುಮತಿಯಕ್ಕ ನೆನಪಾದರು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎರಡನೆಯ ಮಾಳಿಗೆಯಲ್ಲಿದ್ದ ಉಡುಪಿಯವರು. ಅರ್ಧ ಸೊಸೈಟಿಯ ಊಟದ ಡಬ್ಬಿ ಅವರ ಅಡುಗೆಮನೆಯಲ್ಲೇ ತುಂಬುತ್ತಿತ್ತು.

ಕೆಲವು ವರ್ಷಗಳ ಹಿಂದೆ ಅವರಿಗೂ ಮೂಳೆಗಳ ಇದೇ ಸ್ಕ್ಯಾನ್ ಆಯಿತು. ವಿಕಿರಣದ ಮದ್ದು ಕೊಟ್ಟಿದ್ದಾರೆ, ಇವತ್ತೊಂದು ದಿನ ಗರ್ಭಿಣಿಯರ, ಮಕ್ಕಳ ಹತ್ತಿರ ಕೂರುವುದಿಲ್ಲ ಎಂದು ತಾವಾಗಿಯೇ ಎಲ್ಲರಿಗೂ ಹೇಳಿದರು. ಮರುದಿನದಿಂದ ತುಂಬಿಸಲು ಡಬ್ಬಿಗಳೇ ಬರಲಿಲ್ಲ. ಲಿಫ್ಟನ್ನೂ ಬಳಸಬೇಡಿ ಎಂದು ಸೆಕ್ರೆಟರಿ ಹೇಳಿ ಕಳಿಸಿದ.

ಮೂರನೆಯ ದಿನ ನಮ್ಮ ಮನೆಗೆ ಬಂದರು. "ಮಾಷ್ಟ್ರೇ, ನೀವು ಇದನ್ನೆಲ್ಲ ಶಾಲೆಯಲ್ಲಿ ಕಲಿಸಿದವರಲ್ವಾ? ನನ್ನ ಮೈಗೆ ಹಾಕಿದ್ದು ಎಂತದು? ಅದಕ್ಕೊಂದು ಹೆಸರು ಉಂಟಲ್ಲ?"

"ಟೆಕ್ನೀಷಿಯಂ," ಎಂದೆ. ಅವರು ಕೇಳಿದ್ದು ಹೆಸರು ಮಾತ್ರ. ನಾನು ಪಾಠವನ್ನೇ ಶುರುಮಾಡಿದೆ. ಮೇಷ್ಟರ ಚಾಳಿ, ನೀವು ಕ್ಷಮಿಸಬೇಕು. ಮೂಲವಸ್ತುಗಳ ಕೋಷ್ಟಕದಲ್ಲಿ ನಲವತ್ತಮೂರನೆಯ ಮನೆ ಬಹಳ ಕಾಲ ತುಂಬಿರಲಿಲ್ಲ. ಅದಿರುಗಳಲ್ಲಿ ಹುಡುಕಿದವರು ಸಿಕ್ಕಿತು ಸಿಕ್ಕಿತು ಎಂದು ಮೋಸಹೋದರು. ಕೊನೆಗೆ ಅದು ಸಿಕ್ಕಿದ್ದು ಯಂತ್ರದೊಳಗೆ ಕಣಗಳ ಪೆಟ್ಟು ತಿಂದ ಒಂದು ಲೋಹದ ತಗಡಿನಲ್ಲಿ. ಮನುಷ್ಯ ತಯಾರಿಸಿದ ಮೊದಲ ಮೂಲವಸ್ತು. ಹೆಸರಿನ ಅರ್ಥವೂ 'ಕೃತಕ' ಎಂದೇ. ಆಸ್ಪತ್ರೆಯಲ್ಲಿ ಕೊಡುವ ಬಗೆ ಆರು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ.

ಸುಮತಿಯಕ್ಕ ಬೆರಳು ಮಡಿಸಿದರು. "ಅರ್ಧ, ಕಾಲು, ಅರೆಕಾಲು, ವೀಸ. ಒಂದು ದಿನಕ್ಕೇ ಉಳಿದದ್ದು ವೀಸ, ಹದಿನಾರರಲ್ಲಿ ಒಂದು ಪಾಲು. ಇವತ್ತಿಗೆ ಮೂರು ದಿನ ಆಯ್ತು. ಸಂಜೆ ಸೊಸೈಟಿಯ ಮೀಟಿಂಗ್ ಉಂಟಲ್ಲ, ನೀವೂ ಬನ್ನಿ."

ಮೀಟಿಂಗಿನಲ್ಲಿ ಸೆಕ್ರೆಟರಿ ನಯವಾಗಿಯೇ ಹೇಳಿದ, "ಮಾವಶಿ, ಉಗಾಚ್ ರಿಸ್ಕ್ ಕಶಾಲಾ?" ಚಿಕ್ಕಮ್ಮ, ಸುಮ್ಮನೆ ಅಪಾಯ ಯಾಕೆ ಅಂತ.

ಸುಮತಿಯಕ್ಕ ಮರಾಠಿಯಲ್ಲೇ ಉತ್ತರ ಕೊಟ್ಟರು. "ಅದು ನನ್ನ ಮೈಯಿಂದ ಹೋಗಿಯಾಯಿತು. ನಿಮ್ಮ ತಲೆಯಿಂದ ಹೋಗಲಿಕ್ಕೆ ಎಷ್ಟು ದಿನ ಬೇಕು?"

ರಸಾಯನಶಾಸ್ತ್ರ ಕಲಿಸಿದ ನಾನು ಬಾಗಿಲ ಬಳಿ ಸುಮ್ಮನೆ ನಿಂತಿದ್ದೆ. ಅವರು ಎಲ್ಲರ ಎದುರಿಗೇ ಲಿಫ್ಟಿನ ಗುಂಡಿ ಒತ್ತಿ ಮೇಲೆ ಹೋದರು.

ವಾರದೊಳಗೆ ಡಬ್ಬಿಗಳು ಒಂದೊಂದಾಗಿ ಮರಳಿದವು. ಸೆಕ್ರೆಟರಿಯದನ್ನು ಮಾತ್ರ ಅವರು ಕೊನೆಯವರೆಗೂ ಮುಟ್ಟಲಿಲ್ಲ. ನನ್ನದಕ್ಕೆ ಸಾರು ಹಾಕುತ್ತ, "ನೀವೊಂದು ಮಾತು ಹೇಳ್ತೀರಿ ಅಂತ ಎಣಿಸಿದ್ದೆ" ಅಂದರು. ಅಷ್ಟೇ.

ಇವತ್ತು ಮನೆಗೆ ಬರುವಾಗ ರಿಕ್ಷಾದಲ್ಲಿ ಮಗ ಹೇಳಿದ, "ಪಪ್ಪಾ, ಸೊಸೈಟಿ ಮೇ ಕಿಸೀಕೋ ಬತಾನಾ ಮತ್." ಸೊಸೈಟಿಯಲ್ಲಿ ಯಾರಿಗೂ ಹೇಳಬೇಡಿ ಅಂತ. ಗೇಟಿನ ಪಕ್ಕದ ಬೆಂಚಿನಲ್ಲಿ ನನ್ನ ವಯಸ್ಸಿನ ನಾಲ್ವರು ಕೂತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ಯಾವ ಸ್ಕ್ಯಾನ್, ಯಾವ ಮದ್ದು, ಎಷ್ಟು ಗಂಟೆ, ಎಲ್ಲವನ್ನೂ ಹೇಳಿದೆ. ಒಬ್ಬರು ತುಸು ಆಚೆ ಸರಿದರು.

ಅವರು ಸರಿದು ಬಿಟ್ಟ ಜಾಗದಲ್ಲಿ ಕಾಲು ಚಾಚಿ ಕೂತೆ.