ಮುಚ್ಚಿದ ತಪ್ಪನ್ನು ಮತ್ತೆ ತೆರೆದ ಫರ್ಹತ

ಬೆಳಗಿನ ಐದೂ ಮುಕ್ಕಾಲು. ಸವಣೂರಿನ ಪುಟ್ಟ ರಕ್ತಪರೀಕ್ಷಾ ಲ್ಯಾಬಿನಲ್ಲಿ ಫರ್ಹತ ಪ್ರಿಂಟರಿನ ಪ್ಲಗ್ ಕಿತ್ತು, ಎರಡೆಣಿಸಿ, ಮತ್ತೆ ಸಿಕ್ಕಿಸುತ್ತಾರೆ. ಪ್ರಿಂಟರು ಕರಕರ ಕೆಮ್ಮಿ ಒಂದು ಹಾಳೆ ಉಗುಳುತ್ತದೆ. ಫರ್ಹತ ಅದನ್ನು ಹಿಂದಿನ ಹಾಳೆಯ ಪಕ್ಕ ಹಿಡಿಯುತ್ತಾರೆ. ಹೆಸರು ಜನ್ನತಬಿಯದು, ರಕ್ತದ ಗುಂಪು ಮಾತ್ರ ಹಿಂದಿನ ಹಾಳೆಯ ತಿಪ್ಪವ್ವನದು!

ಪುಣ್ಯಕ್ಕೆ ಇಬ್ಬರೂ ತಂತ್ರಾಂಶದ ಪರೀಕ್ಷೆಗೆಂದು ತುಂಬಿದ ಬರೀ ಹೆಸರುಗಳು. ಆದರೆ ವರದಿ ಮುದ್ರಿಸುವ ಇದೇ ಹೊಸ ತಂತ್ರಾಂಶ ಎಂಟು ಗಂಟೆಗೆ ಹನ್ನೊಂದು ಲ್ಯಾಬುಗಳಿಗೆ ಹೋಗಬೇಕು.

"ಯಾ ಅಲ್ಲಾ! ಇದನ್ನ ಸರಿ ಆತಂತ ಬರದಾನಲ್ಲ!"

ಬರೆದವನು ಹಾನಗಲ್ಲಿನ ಸುಶೀಂದ್ರ. ಕೋಡ್ ಬರೆಯುವುದು ಅವನು, ಅದರ ತಪ್ಪು ಹಿಡಿಯುವುದು ಒಂದು ಕಾಲಕ್ಕೆ ಲ್ಯಾಬಿನಲ್ಲಿ ರಕ್ತ ತೆಗೆಯುತ್ತಿದ್ದ ಫರ್ಹತ. ನೆಟ್‌ವರ್ಕ್ ನಂಬುವ ಹಾಗಿಲ್ಲ. ಹಾಗಾಗಿ ತಪ್ಪಿನ ಪಟ್ಟಿ ಎಲ್ಲೋ ದೂರದ ಸರ್ವರಿನಲ್ಲಿಲ್ಲ, ಕೋಡಿನ ಫೋಲ್ಡರಿನಲ್ಲೇ ಇದೆ. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪಿಸಿದರೆ ತಪ್ಪು ದಾಖಲು, ಇನ್ನೊಂದು ಸಾಲಿಗೆ ಮುಕ್ತಾಯ. ಇಬ್ಬರ ಬಳಿಯೂ ಪೂರ್ತಿ ಪ್ರತಿ. ವಾರಕ್ಕೊಮ್ಮೆ ಫರ್ಹತ ಲ್ಯಾಪ್‌ಟಾಪ್ ಹಿಡಿದು ಹಾನಗಲ್ಲಿಗೆ ಹೋಗಿ ಎರಡನ್ನೂ ಕೂಡಿಸಿಕೊಂಡು ಬರುತ್ತಾರೆ.

"ನಮ್ಮ ತಪ್ಪೆಲ್ಲಾ ನನ್ನ ಜೋಡಿನ ಬಸ್ ಹತ್ತತಾವ್ರಿ, ಟಿಕೀಟ ಇಲ್ದ," ಎಂದು ನಗುತ್ತಾರೆ. ತಾಯಿ ರೋಶನಬಿಯ ದನಿಯನ್ನೂ ಥೇಟ್ ತೆಗೆಯುತ್ತಾರೆ: "ಮಂದಿ ಮಕ್ಕಳು ಊರಿಂದ ಪೇಢೆ ತರ್ತಾರ, ನೀ ತಪ್ಪ ತರ್ತಿ!"

ಆರು ವರ್ಷದಲ್ಲಿ ನಾನೂರಾ ಹನ್ನೆರಡು ತಪ್ಪು ಹಿಡಿದಿದ್ದಾರೆ. ಹಾಳೆಯ ಮೂಲೆಯಲ್ಲೂ ಅವರ ಹೆಸರಿಲ್ಲ.

ನಿನ್ನೆ ಕೂಡಿಸಿಕೊಂಡು ಬಂದ ಪಟ್ಟಿಯನ್ನು ಇಂದು ನಸುಕಿನಲ್ಲಿ ಓದುವಾಗ ನಾನೂರಾ ಏಳನೆಯದು ಕಣ್ಣಿಗೆ ಬಿತ್ತು: ಮುದ್ರಣದ ನಡುವೆ ಕರೆಂಟ್ ಹೋಗಿ ಬಂದರೆ ಒಬ್ಬರ ಹಾಳೆಗೆ ಇನ್ನೊಬ್ಬರ ರಕ್ತದ ಗುಂಪು. ಅವರು ತೆರೆದಿಟ್ಟಿದ್ದನ್ನು ಸುಶೀಂದ್ರ ಮಂಗಳವಾರ ಸರಿಯಾಯಿತೆಂದು ಮುಚ್ಚಿದ್ದಾನೆ. ಯಾರು, ಯಾವಾಗ, ಯಾಕೆ, ಎಲ್ಲವೂ ಅಲ್ಲೇ ದಾಖಲು. ಫರ್ಹತ ಫೋನು ಹಚ್ಚುತ್ತಾರೆ.

"ಅಕ್ಕಾ, ಹತ್ತು ಸಲ ಪ್ರಿಂಟ್ ತಗದೇನಿ. ಒಂದೂ ತಪ್ಪಿಲ್ಲ."

"ನಡುವ ಕರೆಂಟ್ ಹೋಗಿತ್ತೇನೋ ಯಪ್ಪಾ?"

ಆ ಕಡೆಯಿಂದ ಸಣ್ಣ ದನಿ: "ನಮ್ಮಲ್ಲೆ ಇನ್ವರ್ಟರ್ ಅದ ಅಲ್ಲಾ, ಅಕ್ಕಾ..."

"ಆ ಹಾಳಿ ನಂಬಿ ಯಾರಿಗರೆ ಬ್ಯಾರೆ ರಕ್ತ ಏರಿಸಿದ್ರ?"

ಫರ್ಹತ ಒಂದು ಸಾಲು ಟೈಪಿಸುತ್ತಾರೆ. ನಾನೂರಾ ಏಳು ಮತ್ತೆ ತೆರೆಯುತ್ತದೆ. ಇಂಥ ತಪ್ಪು ತೆರೆದಿರುವಾಗ ತಂತ್ರಾಂಶ ಹೊರಡುವಂತಿಲ್ಲ, ಎಂಟು ಗಂಟೆಯ ಬಿಡುಗಡೆ ನಿಲ್ಲುತ್ತದೆ. ಲ್ಯಾಬುಗಳಲ್ಲಿ ಸದ್ಯಕ್ಕೆ ಹಳೆಯ ತಂತ್ರಾಂಶವೇ ನಡೆಯುತ್ತದೆ. ಮಧ್ಯಾಹ್ನ ಸುಶೀಂದ್ರನ ತಿದ್ದುಪಡಿ ಬಂದ ಮೇಲೆ ಮೂವತ್ತು ಸಲ ಪ್ಲಗ್ ಕಿತ್ತು ನೋಡಿ, ಆಮೇಲಷ್ಟೇ ಮುಚ್ಚುತ್ತಾರೆ.

ನಿಮಗೇನು ಬೇಕು ಎಂದರೆ ಕೆಮ್ಮುವ ಪ್ರಿಂಟರನ್ನು ತಟ್ಟುತ್ತಾರೆ. "ನನಗೇನೂ ಬ್ಯಾಡ್ರಿ. ಹಾನಗಲ್ ಆಫೀಸಿಗೆ ಇಂಥಾದ ಒಂದು ಮುದಿ ಪ್ರಿಂಟರ್ ಕೊಡಸ್ರಿ. ಇನ್ವರ್ಟರಿಗೆ ಮಾತ್ರ ಹಚ್ಚಬ್ಯಾಡ್ರಿ."